ಬದುವಿನ ಕಲ್ಲು

ನಾಗೇಂದ್ರ ಬೀಸಿದ ದೊಣ್ಣೆ ತಮ್ಮನ ಬಲಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ನಾಲೆಯ ಆಚೆಗೂ ಕೇಳಿಸಿತು. ರಘು ಕೆಸರಿನಲ್ಲಿ ಕುಸಿದ. ಎಡಗೈಯಲ್ಲಿದ್ದ ಕುಡುಗೋಲನ್ನು ಮಾತ್ರ ಬಿಡಲಿಲ್ಲ.

“ಕಲ್ಲು ಸರಿಸಿ ನನ್ ಗದ್ದೆ ನುಂಗ್ತೀಯೇನ್ಲಾ? ಫ್ಯಾಕ್ಟ್ರೀಲಿ ಬೋಲ್ಟು ಕದ್ದಂಗಲ್ಲ ಕಣ್ಲಾ ಇದು!” ನಾಗೇಂದ್ರ ಗುಡುಗಿದ.

“ತಾಂಡ್ಯದ ಫ್ಯಾಕ್ಟ್ರೀಲಿ ನೈಟ್ ಪಾಳಿ ಮುಗ್ಸಿ ಬಂದು ಬಿದ್ಕಂಡೋನು ಈಗ ಎದ್ದಿವ್ನಿ. ಸೋಮವಾರ ರಿಜಿಸ್ಟ್ರಿ ಮಡಿಕಂಡು ಯಾವನಾರ ಕಲ್ಲು ಮುಟ್ಟಾನಾ? ಬುದ್ಧಿ ಐತೇನ್ಲಾ ನಿಂಗೆ?”

“ಜಾಸ್ತಿ ಪಾಲು ಹೊಡಿಯಾಕೆ ಮುಟ್ಟಿದ್ದೀಯ!”

ದೊಣ್ಣೆ ಮತ್ತೆ ಎದ್ದಿತು. ಅದು ಇಳಿಯುವ ಮೊದಲೇ ರಘು ಕುಡುಗೋಲು ಬೀಸಿದ. ನಾಗೇಂದ್ರನ ಮುಂಗೈ ಮೊಣಕೈವರೆಗೆ ತೆರೆದುಕೊಂಡಿತು. ನಾಟಿ ಮಾಡಿದ್ದ ಪೈರಿನ ಮೇಲೆ ರಕ್ತ ಚೆಲ್ಲಿತು.

ಬದುವಿನ ಮೇಲೆ ತಾಯಿ ಶಿವನಂಜಮ್ಮ ನಿಂತಿದ್ದಳು. ಅಂಗೈಯಲ್ಲಿ ನಿನ್ನೆಯ ಪೂಜೆಯ ಅರಿಶಿನ, ಉಗುರಿನ ಸಂದಿಯಲ್ಲಿ ಮಣ್ಣು. ಎದೆ ಬಡಿದುಕೊಂಡಳು.

“ಕಲ್ಲು ತಾನಾಗೇ ಸರಿಯಾಕಿಲ್ಲ ಕಣ್ರಪ್ಪಾ!”

ಆ ಮಾತಿಗೆ ಇಬ್ಬರೂ ಇನ್ನಷ್ಟು ಕೆರಳಿದರು. ನಾಗೇಂದ್ರನ ಹೆಂಡತಿ ಕೋಮಲ ನಡುವೆ ಬಿದ್ದು ಗಂಡನನ್ನು ಹಿಂದಕ್ಕೆಳೆದಳು. ಅವಳ ಸೀರೆಯೆಲ್ಲ ಕೆಂಪಾಯಿತು.

ಸೋಸಲೆಯ ಈ ಗದ್ದೆ ರಕ್ತ ಕುಡಿದದ್ದು ಮೊದಲ ಸಲವಲ್ಲ. ಶಿವನಂಜಮ್ಮನ ಮಾವ ಪುಟ್ಟಬಸವಯ್ಯನನ್ನು ಅವನ ಅಣ್ಣ ಇದೇ ಬದುವಿನ ಮೇಲೆ ಕಡಿದು ಕೊಂದಿದ್ದ. ಕಡಿದವನು ಜೈಲಿನಲ್ಲೇ ಸತ್ತ, ಮಕ್ಕಳಿರಲಿಲ್ಲ. ಆ ಬೇಸಿಗೆಯಲ್ಲಿ ಇಟ್ಟಿಗೆ ಗೂಡಿನವರು ಬಂದು ಗದ್ದೆ ಕೇಳಿದ್ದರು. ಶಿವನಂಜಮ್ಮನ ಗಂಡ ಮಲ್ಲಯ್ಯ ತನ್ನ ತಮ್ಮನ ಕೊಡಲಿಗೆ ಬೆರಳುಗಳನ್ನು ಕೊಟ್ಟ. ತಮ್ಮ ಊರು ಬಿಟ್ಟವನು ಮರಳಲಿಲ್ಲ. ಆ ವರ್ಷ ಪೆಟ್ರೋಲ್ ಬಂಕಿನವರು ಬಂದಿದ್ದರು. ಎರಡು ಸಲವೂ ಜಗಳ ಶುರುವಾದದ್ದು ಸರಿದ ಕಲ್ಲಿನಿಂದ. ಎರಡು ಸಲವೂ ಗದ್ದೆ ಮನೆಯಲ್ಲೇ ಉಳಿಯಿತು.

ಈ ಸಲ ಲೇಔಟಿನವರು. ಎರಡೂ ಪಾಲು ಒಟ್ಟಿಗೆ ಕೊಟ್ಟರೆ ಮಾತ್ರ ಕೊಳ್ಳುತ್ತೇವೆ ಎಂದಿದ್ದರು. ಹುಟ್ಟಿದಾಗಿನಿಂದ ಕಚ್ಚಾಡಿದ ಅಣ್ಣತಮ್ಮಂದಿರು ಮೊದಲ ಬಾರಿಗೆ ಒಂದೇ ತಟ್ಟೆಯಲ್ಲಿ ಉಂಡು ಹೂಂ ಎಂದಿದ್ದರು. ಶಿವನಂಜಮ್ಮ ಎದುರು ಮಾತಾಡಿರಲಿಲ್ಲ. ಮೂಲೆಯಲ್ಲಿ ಕೂತು ಅತ್ತಿದ್ದಳು, ಅಷ್ಟೇ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಅಮಾವಾಸ್ಯೆಯ ಸಂಜೆ ಬದುವಿನ ಕಲ್ಲಿಗೆ ಮನೆಯ ಹಿರಿಯ ಹೆಂಗಸು ಹಾಲೆರೆಯಬೇಕು. ಆ ಹೊತ್ತಿನಲ್ಲಿ ಗಂಡಸರು ಅತ್ತ ಸುಳಿಯುವಂತಿಲ್ಲ. ಮೊದಲು ಶಿವನಂಜಮ್ಮನ ಅತ್ತೆ ಎರೆಯುತ್ತಿದ್ದಳು, ಆಮೇಲೆ ಶಿವನಂಜಮ್ಮ. ನಿನ್ನೆ ಅಮಾವಾಸ್ಯೆ. ಚೆಂಬು ಹಿಡಿದು ಹೋದವಳು ತಡವಾಗಿ, ಬೆವೆತು, ಏದುಸಿರು ಬಿಡುತ್ತ ಬಂದಿದ್ದಳು. ಅತ್ತೆಗೆ ವಯಸ್ಸಾಯಿತು ಎಂದುಕೊಂಡಿದ್ದಳು ಕೋಮಲ.

ಸೋಮವಾರ ಲೇಔಟಿನವರ ಬ್ರೋಕರ್ ಕಾರು ಬಂತು. ರಘು ನರಸೀಪುರದ ಆಸ್ಪತ್ರೆಯಲ್ಲಿದ್ದ. ನಾಗೇಂದ್ರ ಕೈಗೆ ಹೊಲಿಗೆ ಹಾಕಿಸಿಕೊಂಡು ಠಾಣೆಯಲ್ಲಿದ್ದ.

“ನಿಮ್ ಮಕ್ಳು ಈ ಜನ್ಮದಲ್ಲಿ ಒಂದಾಗಾಕಿಲ್ಲ ಬುಡಮ್ಮ,” ಎಂದು ಬ್ರೋಕರ್ ಕಾರಿನ ಬಾಗಿಲು ದಢಾರನೆ ಎಳೆದುಕೊಂಡ.

“ಏನ್ ಮಾಡಾದು ಸಾ, ನಮ್ ವಂಸನೇ ಇಂಗೆ.” ಕಾರಿನ ಧೂಳು ಅಡಗುವವರೆಗೂ ಶಿವನಂಜಮ್ಮ ಜಗಲಿ ಬಿಟ್ಟು ಕದಲಲಿಲ್ಲ.

ಮುಂದಿನ ಅಮಾವಾಸ್ಯೆಯ ಸಂಜೆ ಅವಳು ಹಾಲಿನ ಚೆಂಬನ್ನು ಕೋಮಲಳ ಮುಂದಿಟ್ಟಳು. “ಇನ್ ಮೇಲೆ ನೀನೇ ಎರೀಬೇಕು ಕಣವ್ವ. ನನ್ ಸೊಂಟದಲ್ಲಿ ಶಕ್ತಿ ಇಲ್ಲ.”

“ಹಾಲೆರೆಯಾಕೆ ಶಕ್ತಿ ಯಾಕೆ ಅತ್ತೆ?”

ಶಿವನಂಜಮ್ಮ ಮಂಚದಡಿಗೆ ಕೈಹಾಕಿ, ತುದಿಯಲ್ಲಿ ಅರಿಶಿನ ಮೆತ್ತಿದ್ದ ಗಿಡ್ಡ ಹಾರೆಯೊಂದನ್ನು ಎಳೆದು ಸೊಸೆಯ ಮಡಿಲಿಗಿಟ್ಟಳು.

“ಅಣ್ತಮ್ಮಂದ್ರು ಒಂದಾದ್ರೆ ಮಾರ್ಬುಡ್ತಾರೆ. ನಮ್ಮತ್ತೆ ತಾಳಿ ಕಳ್ಕಂಡ್ರು ಕಣವ್ವ, ಗದ್ದೆ ಕಳ್ಕಳ್ಳಿಲ್ಲ.”