ಬಾಗಿಲಲ್ಲಿ ನಿಂತವಳು

"ಬಿಟ್ಟುಹೋದ ಹೆಂಡತಿಗಾಗಿ ಟ್ರಂಪೆಟ್ ವಾದಕನೊಬ್ಬ ಅತ್ತ ಅಳುವೇ ಈ ಜಾಜ್ ಗೀತೆ. ಅರವತ್ತು ವರ್ಷಗಳಿಂದ ಎಲ್ಲರೂ ಇದನ್ನು ಅಷ್ಟೇ ನಿಧಾನವಾಗಿ, ಅಷ್ಟೇ ಮೆಲ್ಲಗೆ ನುಡಿಸುತ್ತಾ ಬಂದಿದ್ದಾರೆ." ನೇರ ಪ್ರಸಾರಕ್ಕೆ ಇನ್ನೆರಡು ನಿಮಿಷವಿತ್ತು. ರೇಡಿಯೋ ನಿರೂಪಕ ತನ್ನ ಹಾಳೆಯನ್ನು ಎದುರಿಗಿದ್ದ ಇಬ್ಬರಿಗೂ ಓದಿ ತೋರಿಸಿದ.

"ನಮ್ಮಮ್ಮ ಎಲ್ಲೂ ಬಿಟ್ಟು ಹೋಗಿರಲಿಲ್ಲ ಸಾರ್," ಎಂದಳು ಆ ವಾದಕನ ಮಗಳು. ಅವಳಿಗೂ ಈಗ ಅರವತ್ತೊಂದು. ಅಂಗಡಿಯಲ್ಲಿ, ಬೀದಿಯಲ್ಲಿ 'ಗಂಡನನ್ನು ಬಿಟ್ಟುಹೋಗಿದ್ದವಳು ಇವಳೇ' ಎಂದು ಪಿಸುಗುಟ್ಟುವವರನ್ನು ಅವಳ ಅಮ್ಮ ಸಾಯುವವರೆಗೂ ಕೇಳಿಯೂ ಕೇಳದ ಹಾಗೆ ದಾಟಿಕೊಂಡು ಹೋದವಳು. 'ನಾನು ಮನೆಯಲ್ಲೇ ಇದ್ದೆ' ಎಂದಷ್ಟೇ ಮಗಳಿಗೆ ಹೇಳಿದ್ದಳು. ಅಪ್ಪನಂತೂ ತಿದ್ದಲು ಹೋಗಲಿಲ್ಲ. ಅಳುವ ಗಂಡನಿಗೆ ಚಪ್ಪಾಳೆ ಜಾಸ್ತಿ.

"ಇರಬಹುದಮ್ಮಾ. ಆದ್ರೆ ಮೂರು ತಲೆಮಾರು ಈ ಕಥೆಗೇ ಕಣ್ಣೀರು ಹಾಕಿದೆ. ಅದು ಹಾಗೇ ಇರಲಿ ಬಿಡಿ. ನೀವು ಆಗ ಕೂಸು, ನಿಮಗೇನು ಗೊತ್ತು?"

ಈ ಮಾತು ಬರುತ್ತದೆಂದೇ ಅವಳು ಅಪ್ಪನ ಜೊತೆಗಾರರಲ್ಲಿ ಉಳಿದಿದ್ದ ಒಬ್ಬನೇ ಒಬ್ಬ ಡ್ರಮ್ ವಾದಕನನ್ನು ಕೈಹಿಡಿದು ಕರೆತಂದಿದ್ದಳು. ಚಿಕ್ಕಂದಿನಿಂದ ಅವಳಿಗೆ ಅವನು ದೊಡ್ಡಪ್ಪ. "ದೊಡ್ಡಪ್ಪಾ, ನೀನಾದ್ರೂ ಹೇಳು."

ತೊಂಬತ್ತು ದಾಟಿದ ಮುದುಕ ಕಿವಿಯ ಯಂತ್ರ ಸರಿಮಾಡಿಕೊಳ್ಳುತ್ತಾ ನಕ್ಕ. "ಏನು ಹೇಳ್ಲಿ ಮಗಾ? ಹಲ್ಲಿನ ಸೆಟ್ಟು ಎಲ್ಲಿಟ್ಟೆ ಅನ್ನೋದೇ ನೆನಪಿರಲ್ಲ. ಆ ಪದ ಮೊದಲು ನುಡಿಸಿದ ದಿನ ಎಲ್ಲಿ ನೆನಪಿರುತ್ತೆ!"

ಮಗಳ ಮುಖ ಬಾಡಿತು. ಅಷ್ಟರಲ್ಲಿ ಗೋಡೆಯ ಮೇಲೆ ಪ್ರಸಾರದ ಕೆಂಪು ದೀಪ ಹತ್ತಿತು. ಇನ್ನು ಯಾರೂ ಉಸಿರೆತ್ತಬಾರದೆಂದು ನಿರೂಪಕ ಹುಬ್ಬೇರಿಸಿ, ತುಟಿಯ ಮೇಲೆ ಬೆರಳಿಟ್ಟ.

ಮುದುಕ ಆ ಬೆರಳನ್ನೇ ನೋಡಿದ. ನೋಡುತ್ತಾ ನೋಡುತ್ತಾ ಅವನ ಬೆನ್ನು ನೆಟ್ಟಗಾಯಿತು.

"ಹೀಗೇ! ಇವರ ಮನೇಲಿ ನಾವು ನುಡಿಸ್ತಿದ್ದಾಗ ಇವಳಮ್ಮ ಬಾಗಿಲಲ್ಲಿ ಹೀಗೇ ನಿಂತಿದ್ಲು!" ಎಂದು ಮೈಕಿಗೆ ಬಾಯಿಟ್ಟು ಕೂಗಿದ. "ಕುಣಿಯೋ ಪದ ಕಣಯ್ಯಾ ಅದು, ಕುದುರೆ ಓಟ! ಈ ಮಗು ಮೂರು ದಿನ ಜ್ವರದಲ್ಲಿ ಅತ್ತೂ ಅತ್ತೂ, ದೇವರ ದಯೆ, ಆಗಷ್ಟೇ ಕಣ್ಣು ಮುಚ್ಚಿತ್ತು. ಅವಳು ಬೆರಳಿಟ್ಟಳು ನೋಡು, ನಾನು ಕೋಲು ಕೆಳಗಿಟ್ಟು ಬ್ರಷ್‌ನಲ್ಲಿ ಡ್ರಮ್ ಸವರಿದೆ. ಇವಳಪ್ಪ ಸದ್ದಡಗಲಿ ಅಂತ ಟ್ರಂಪೆಟ್ ಬಾಯಿಗೆ ಈ ಮಗೂದೇ ಕುಲಾವಿ ತುರುಕಿದ. ಒಂದು ಸಲ ಹಾಗೆ ನುಡಿಸಿದ ಮೇಲೆ ಓಡಿಸೋಕೆ ಯಾರಿಗೂ ಮನಸ್ಸು ಬರಲಿಲ್ಲ!"

ನಿರೂಪಕನ ಬೆರಳು ಇನ್ನೂ ತುಟಿಯ ಮೇಲೇ ಇತ್ತು. ಗೋಡೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು.