ಮಗಳ ಕಾರು

ಹೋದವರ ವಸ್ತು ಮನೆಯಲ್ಲಿದ್ದರೆ ಜೀವ ಅಲ್ಲೇ ಸುತ್ತುತ್ತಿರುತ್ತದೆ ಎಂದು ಹಟ ಹಿಡಿದವಳು ಜಯಶೀಲಳೇ. ಮಗಳು ಇಂಚರ ತೀರಿಕೊಂಡ ಮೇಲೆ ಅವಳ ಬಟ್ಟೆಬರೆಯನ್ನೆಲ್ಲ ಹಂಚಿಬಿಟ್ಟಳು. ಅಸ್ಥಿ ಬಿಟ್ಟ ದಿನ ಅವಳ ಫೋನನ್ನೂ ಹೊಳೆಗೆ ಹಾಕಿ ಬಂದೆ ಎಂದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಕಲ್ಲೆದೆಯವಳು ಎಂದು ನಂಜುಂಡಯ್ಯ ಹೆಂಡತಿಯೊಂದಿಗೆ ಮಾತೇ ಬಿಟ್ಟಿದ್ದ.

ಈಗ ಮಗಳು ಓಡಿಸುತ್ತಿದ್ದ ಕಾರೂ ಹೊರಟಿತ್ತು. ಕೊಳ್ಳಲು ಬಂದವನು ಕಾರು ಶುರು ಮಾಡಿ, ಹಾಡು ಹಾಕಿ ನೋಡೋಣವೆಂದು ತನ್ನ ಫೋನು ತೆಗೆದ. ಪಕ್ಕದಲ್ಲಿ ನಂಜುಂಡಯ್ಯ ಕೂತಿದ್ದ. ಹಿಂದಿನ ಸೀಟಿನಲ್ಲಿ ಬ್ಯಾಗು ಅವಚಿಕೊಂಡು ಜಯಶೀಲ.

"ನನ್ ಫೋನ್ ಕನೆಕ್ಟ್ ಆಗ್ತಿಲ್ಲ ಸಾರ್. ಬೇರೆ ಯಾರದೋ ಬ್ಲೂಟೂತ್ ಆಗ್ಲೇ ಕನೆಕ್ಟ್ ಆಗಿದೆ."

"ನಂದಲ್ಲ ಕಣಪ್ಪ, ನಂದು ಬಟನ್ ಫೋನು."

"ಇಲ್ಲಿ ಇಂಚರ ಅಂತ ತೋರಿಸ್ತಿದೆ."

ಅಷ್ಟರಲ್ಲಿ ಸ್ಪೀಕರಿನಲ್ಲಿ, ಎಂದೋ ಅರ್ಧಕ್ಕೆ ನಿಂತಿದ್ದ ಹಾಡೊಂದು ನಡುವಿನಿಂದಲೇ ಶುರುವಾಯಿತು.

ನಂಜುಂಡಯ್ಯ ಹಿಂದೆ ತಿರುಗಿದ. ಎಷ್ಟೋ ದಿನಗಳ ಮೇಲೆ ಅವಳೊಂದಿಗೆ ಮಾತಾಡಿದ.

"ಹೊಳೆಗೆ ಹಾಕ್ದೆ ಅಂದ್ಯಲ್ಲೇ."

ಜಯಶೀಲ ಬ್ಯಾಗನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು.

"ದಿನಾ ಚಾರ್ಜಿಗೆ ಹಾಕ್ತೀನಿ ಕಣ್ರೀ. ಒಂದಿನಾನೂ ಆರಿಹೋಗೋಕೆ ಬಿಟ್ಟಿಲ್ಲ."