ಗೋಪುರದ ಬಳಿ ಕಾಲು ನಿಲ್ಲಿಸಬಾರದು

ನೆಲದ ಮೇಲೆ ಜಾಗವಿಲ್ಲದೆ ನಮ್ಮೂರಿನ ಸೈಕಲ್ ರಸ್ತೆಯನ್ನು ಗಾಳಿಯಲ್ಲಿ ಹಾಸಿದ್ದಾರೆ. ನಾವು ಪೆಡಲ್ ತುಳಿಯುವಷ್ಟು ಹೊತ್ತು ಅದು ಮೇಲಿರುತ್ತದೆ, ನಿಲ್ಲಿಸಿದರೆ ಜಗ್ಗುತ್ತದೆ. ತುಳಿಯುವುದೇ ನಮ್ಮ ತೆರಿಗೆ. ಅದರ ಮೇಲೆ ಲೈಸೆನ್ಸು ಬೇರೆ!

ಆ ಪರೀಕ್ಷೆಯಲ್ಲಿ ನಾನು ಎರಡು ಸಲ ಫೇಲು. ಎರಡು ಸಲವೂ ಗಣಪತಿ ಗುಡಿಯ ಗೋಪುರ ಕಂಡು, ಕಾಲು ನಿಲ್ಲಿಸಿ ಕೈ ಮುಗಿದಿದ್ದೆ.

"ಸಾಕಮ್ಮನೋರೇ, ಇವತ್ತಾದ್ರೂ ಕಾಲು ನಿಲ್ಲಿಸ್ಬೇಡಿ," ಎಂದರು ಪಕ್ಕದಲ್ಲೇ ಸೈಕಲ್ ತುಳಿಯುತ್ತಿದ್ದ ಇನ್ಸ್‌ಪೆಕ್ಟರ್ ಪುಟ್ಟಬಸವಯ್ಯ.

"ನಾವೇ ಎತ್ತಿ ಹಿಡಿದಿರೋ ರಸ್ತೆಗೆ ನಮಗೇ ಪರೀಕ್ಷೆನಾ ಸಾರ್?" ಎಂದು ರೇಗಿದೆ.

ಗೋಪುರ ಬಂತು. ಮಂಗಳಾರತಿಯ ಗಂಟೆಯೂ ಮೊಳಗಿತು. ನಾನು ಹಲ್ಲು ಕಚ್ಚಿಕೊಂಡು ತುಳಿದೆ. ಮುಂದಿದ್ದವರು, ಹಿಂದಿದ್ದವರು, ಎಲ್ಲರೂ ಕೈ ಮುಗಿದರು. ರಸ್ತೆ ಒಣಹಾಕಿದ ಸೀರೆಯಂತೆ ಜೋತುಬಿದ್ದು, ಕೆಳಗಿನ ತೆಂಗಿನ ಗರಿಗಳು ಪಾದಕ್ಕೆ ಕಚಗುಳಿಯಿಟ್ಟವು. ಪಕ್ಕಕ್ಕೆ ನೋಡಿದರೆ ಇನ್ಸ್‌ಪೆಕ್ಟರೂ ಕಣ್ಣು ಮುಚ್ಚಿ ಕೈ ಜೋಡಿಸಿದ್ದಾರೆ!

ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದ್ದು ನಿಂತು ತುಳಿದೆ. ರಸ್ತೆ ಪುಟಿದೆದ್ದಿತು. ಜನರೆಲ್ಲ ಉಯ್ಯಾಲೆ ಜೀಕಿದಂತೆ ಮೇಲೆ ಹಾರಿ "ಹೋ!" ಎಂದು ಕೂಗಿದರು.

"ಪಾಸು ತಾಯಿ, ನೀವು ಪಾಸು!" ಹ್ಯಾಂಡಲ್ ತಬ್ಬಿಕೊಂಡು ಇನ್ಸ್‌ಪೆಕ್ಟರ್ ಕಿರುಚಿದರು.

"ನೀವು ಫೇಲು ಸಾರ್," ಎಂದೆ. "ಮೊದಲು ತುಳೀರಿ!"